ಫ್ಲೂ ಮಹಾಮಾರಿ ಬರೋದಕ್ಕಿಂತ ಮೊದ್ಲೇ ನಮ್ಮ ಮಿಲ್ಲು, ಸಾಲಿ, ಊರು ಮಾಡ್ಕೋಬೇಕಾದ ತಯಾರಿ

ನಕ್ಷಾ ತಗದು ನೋಡ್ರಿ, ಒಂದ್ ಕಡಿ ಪುಣೆ, ಇನ್ನೊಂದ್ ಕಡಿ ಹೈದರಾಬಾದ್, ನಡುವ ನಾವು, ಕಲಬುರಗಿ, ಬೀದರ್, ಯಾದಗಿರಿಯವ್ರು. 2009ರಾಗ ಹಂದಿಜ್ವರ ಅಂತ ಕರೆದ್ರಲ್ಲ ಆ ಎಚ್1ಎನ್1 ಫ್ಲೂ, ಭಾರತದಾಗ ಅದರ ಮೊದಲ್ನೇ ಕೇಸ್ ಸಿಕ್ಕಿದ್ದು ಮೇ ತಿಂಗಳಾಗ ಹೈದರಾಬಾದ್‌ನಾಗ, ಮೊದಲ್ನೇ ಸಾವು ಆಗಸ್ಟ್‌ನಾಗ ಪುಣೆಯಾಗ. 2020ರ ಮಾರ್ಚ್‌ನಾಗ ಕೊರೋನಾದ್ದು ದೇಶದ ಮೊದಲ್ನೇ ಸಾವು ಅಂತ ಸರಕಾರ ಹೇಳಿದ್ದು ನಮ್ಮ ಕಲಬುರಗಿದೇ. 2025ರ ಜನವರಿಯಾಗ ಬೀದರ್ ಗಡಿಗೆ ಹತ್ತಿದ ಮಹಾರಾಷ್ಟ್ರದ ಉದಗೀರ್‌ನಾಗ ಕಾಗಿಗೋಳು ಸತ್ತು ಬಿದ್ವು, ಟೆಸ್ಟ್ ಮಾಡಿದ್ರ ಹಕ್ಕಿಜ್ವರ. ನಮ್ಮ ಮಂದಿ ಅರ್ಧ ವರ್ಷ ಮುಂಬೈ, ಪುಣೆ, ಹೈದರಾಬಾದ್‌ನಾಗ ದುಡೀತಾರ, ಹಬ್ಬಕ್ಕ ಊರಿಗಿ ಬರ್ತಾರ, ಹಂಗಾಗಿ ಅಲ್ಲಿ ಏನ್ ಬಂದ್ರೂ ನಾಲ್ಕ್ ದಿನದಾಗ ಇಲ್ಲಿ ಬಸ್‌ಸ್ಟ್ಯಾಂಡ್‌ನಾಗ ಇಳೀತದ.

ಈ ಬರಹ ಯಾರ ಸಲುವಾಗಿ ಅಂದ್ರ, ಹತ್ತು ಮಂದಿಯಿಂದ ಇನ್ನೂರು ಮಂದಿ ತನಕ ಇರೋ ದಾಲ್ ಮಿಲ್, ಗಂಜ್‌ನಾಗಿನ ಅಡತಿ ಅಂಗಡಿ, ಖಾಸಗಿ ಸಾಲಿ, ಸೊಸೈಟಿ, ಗ್ರಾಮ ಪಂಚಾಯ್ತಿ, ಜಾತ್ರಿ ಕಮಿಟಿ, ಕಾಲೋನಿ ಸಂಘ ಇಂಥವ್ರ ಸಲುವಾಗಿ. ದೊಡ್ಡ ಸಿಮೆಂಟ್ ಫ್ಯಾಕ್ಟರಿಯವ್ರ ಹತ್ರ ಸೇಫ್ಟಿ ಆಫೀಸರ್ ಅಂತ ಒಬ್ರು ಇರ್ತಾರ, ಅವರು ಫೈಲ್ ಮಾಡ್ಕೋತಾರ ಬಿಡ್ರಿ.

ಮೊದ್ಲು ಒಂದ್ ಮಾತು ತಲ್ಯಾಗ ಇಟ್ಕೋರಿ. ಕೊರೋನಾ ನೋಡೇವಿ, ಇದೂ ಹಂಗೇ ಅಂತ ಕೂತ್ರ ತಪ್ತೀರಿ. ಫ್ಲೂ ಅದಕ್ಕಿಂತ ಜೋರು ಓಡ್ತದ. ವೈರಸ್ ಮೈಯಾಗ ಹೊಕ್ಕಿ 1ರಿಂದ 4 ದಿನದಾಗ, ಹೆಚ್ಚುಕಡಿಮಿ ಎರಡೇ ದಿನದಾಗ ಜ್ವರ ಬರ್ತದ, ಜ್ವರ ಬರೋಕ್ಕಿಂತ ಒಂದ್ ದಿನ ಮೊದ್ಲೇ ಆ ಮನಷ್ಯಾ ಬ್ಯಾರೆಯವ್ರಿಗಿ ಹಚ್ಚೋಕ ಸುರು ಮಾಡಿರ್ತಾನ, ಆಮ್ಯಾಲ 5–7 ದಿನ ಹಚ್ತಾನೇ ಇರ್ತಾನ, ಸಣ್ಣ ಮಕ್ಕಳಾದ್ರ ಇನ್ನೂ ಹೆಚ್ಚು ದಿನ. ಮೇಲಿಂದ ಆರ್ಡರ್ ಬಂದು, ಮೀಟಿಂಗ್ ಆಗಿ, ಸರ್ಕ್ಯುಲರ್ ಟೈಪ್ ಆಗಿ ಬರೋದ್ರೊಳಗ ನಿಮ್ಮ ಮಿಲ್‌ನಾಗ ಮೂರು ಸುತ್ತು ಹಬ್ಬಿರ್ತದ. ಲಸಿಕೆ ಬರ್ತದಲ್ಲ ಅಂದ್ರ, ಹೊಸ ತಳಿಗೆ ಲಸಿಕೆ ತಯಾರಾಗೋಕೇ 5–6 ತಿಂಗಳು ಬೇಕು, ಆಮ್ಯಾಲ ನಮ್ಮ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ತನಕ ಬರ್ಬೇಕು. ಅಂದ್ರ ಮೊದಲ್ನೇ ಅಲೆ ನಾವು ಲಸಿಕೆ ಇಲ್ದೇ ದಾಟ್ಬೇಕು. ಹಿಂಗಾಗಿ ಆವತ್ತು ವಿಚಾರ ಮಾಡೋದು ನಡ್ಯಾಂಗಿಲ್ರಿ, ಇವತ್ತೇ ತೀರ್ಮಾನ ಮಾಡಿ ಬರದಿಟ್ಕೋಬೇಕು.

1. ಒಬ್ರ ಹೆಸರು ಬರೀರಿ, ಆಮ್ಯಾಲ ಇನ್ನೊಬ್ರ ಹೆಸರು

ಕಮಿಟಿ ಮಾಡ್ಬ್ಯಾಡ್ರಿ. ಕಮಿಟಿ ಅಂದ್ರ ಚಹಾ ಕುಡ್ದು ಎದ್ದು ಹೋಗೋದು. ಇದರ ಜವಾಬ್ದಾರಿ ಒಬ್ರಿಗಿ ಕೊಡ್ರಿ, ಅವರು ಜ್ವರ ಬಂದು ಮಲಗಿದ್ರ ಯಾರು ಅಂತ ಎರಡ್ನೇ ಹೆಸರು ಈಗ್ಲೇ ಬರೀರಿ. ಮಾಲಕರೇ ಆಗ್ಬೇಕಂತ ಏನಿಲ್ಲ, ಖರೇ ಹೇಳ್ಬೇಕಂದ್ರ ಮಾಲಕರು ಆಗಬಾರ್ದು, ಯಾಕಂದ್ರ ಸೀಸನ್‌ನಾಗ ಲೋಡ್ ಕಳ್ಸೋದು ಮುಖ್ಯ ಅನ್ಸಿ "ಇನ್ನೊಂದ್ ದಿನ ನೋಡೂಣು" ಅಂತಾರ. ಮುನೀಮರು, ಹೆಡ್‌ಮಾಸ್ತರ್‌ರ ಕೆಳಗಿನ ಸೀನಿಯರ್ ಟೀಚರ್, ಪಂಚಾಯ್ತಿ ಆದ್ರ ಪಿಡಿಒ ಜೋಡಿ ಒಬ್ಬ ಆಶಾ ಕಾರ್ಯಕರ್ತೆ, ಇಂಥವ್ರು ಬೇಕು. ಅವರಿಗಿ ಒಂದ್ ಅಧಿಕಾರ ಬರವಣಿಗಿಯಾಗ ಕೊಟ್ಟಿರ್ಬೇಕು: ಜ್ವರ ಇದ್ದವ್ರನ್ನ ಗೇಟ್‌ನಿಂದ ವಾಪಸ್ ಕಳ್ಸೋದು, ಆ ಮನಷ್ಯಾ ಮಾಲಕರ ಅಳಿಯ ಆಗಿದ್ರೂ.

2. ಹತ್ತು ಮಂದ್ಯಾಗ ನಾಲ್ಕು ಮಂದಿ ಇಲ್ಲ ಅಂತ ಹಿಡೀರಿ

ಅಮೆರಿಕಾದ ಸರಕಾರ ಫ್ಲೂ ಮಹಾಮಾರಿ ಪ್ಲಾನ್ ಬರೆಯುವಾಗ ಜೋರು ಇರೋ ವಾರಗಳಾಗ ನೂರಕ್ಕ 40 ಮಂದಿ ತನಕ ಕೆಲಸಕ್ಕ ಬರಲಿಕ್ಕಿಲ್ಲ, ಒಂದ್ ಊರಾಗ ಒಂದು ಅಲೆ 6–8 ವಾರ ಇರ್ತದ ಅಂತ ಹಿಡಿದಿತ್ತು. ನಲವತ್ತೂ ಮಂದಿಗಿ ಜ್ವರ ಅಂತಲ್ಲ ಮತ್ತ, ಒಬ್ರಿಗಿ ಜ್ವರ, ಒಬ್ರ ಮನ್ಯಾಗ ಕೂಸು ಮಲಗ್ಯದ, ಇನ್ನೊಬ್ರಿಗಿ ಬಸ್ ಇಲ್ಲ, ಇನ್ನೊಬ್ರಿಗಿ ಅಂಜಿಕಿ.

ಈಗ ಒಂದ್ ಹಾಳಿ ತಗೋರಿ. ನಿಮ್ಮಲ್ಲಿ ಯಾವ್ಯಾವ ಕೆಲಸ ಒಬ್ರಿಗೇ ಗೊತ್ತದ ಅಂತ ಬರೀರಿ. ಇದು ಕೇಳೋಕ ಸಣ್ಣದು, ಆದ್ರ ಮಾಡ್ತಾ ಹೋದ್ರ ಗಾಬರಿ ಆಗ್ತದ. ಚೆಕ್ ಮ್ಯಾಲ ಸಹಿ ಒಬ್ರದೇ. ಲೆಕ್ಕ ಇಡೋ ಕಂಪ್ಯೂಟರ್ ಪ್ರೋಗ್ರಾಮ್ ಟ್ಯಾಲಿದ ಪಾಸ್‌ವರ್ಡ್ ಒಬ್ರ ತಲ್ಯಾಗ. ಜನರೇಟರ್ ಸುರು ಮಾಡೋದು ಒಬ್ಬ ಹುಡುಗನಿಗಷ್ಟೇ ಬರ್ತದ. ಸಾಲಿ ವ್ಯಾನಿನ ಒಂದ್ ರೂಟ್ ಒಬ್ಬ ಡ್ರೈವರ್‌ಗೇ ಗೊತ್ತು. ಪಂಚಾಯ್ತಿಯೊಳಗ ಅಂತೂ ವಾಲ್ವ್‌ಮನ್, ಯಾವ ವಾಲ್ವ್ ಎಷ್ಟು ತಿರುವಿದ್ರ ಯಾವ ಓಣಿಗಿ ನೀರು ಹೋಗ್ತದ ಅನ್ನೋದು ಅವ್ನೊಬ್ನಿಗೇ ಗೊತ್ತಿರ್ತದ, ಅವ್ನು ಒಂದ್ ವಾರ ಮಲಗಿದ್ರ ಇಡೀ ಊರು ಕೊಡ ಹಿಡ್ಕೊಂಡು ನಿಂದರ್ತದ, ಗುಂಪು ಸೇರ್ತದ, ಅಲ್ಲೇ ಮತ್ತ ಹಬ್ತದ. ಇಂಥ ಪ್ರತಿ ಕೆಲಸಕ್ಕ ಇನ್ನಿಬ್ರಿಗಿ ಕಲಸ್ರಿ. ಬಾಯಿಲೇ ಹೇಳೋದಲ್ಲ, ಅವನ ಕೈಲೇ ಮಾಡಿಸ್ರಿ, ಮೊಬೈಲ್‌ನಾಗ ವಿಡಿಯೋ ಮಾಡಿ ಇಟ್ಕೋರಿ.

ಆಮ್ಯಾಲ ಎರಡ್ನೇ ಪಟ್ಟಿ, ಬಂದ್ ಮಾಡಿದ್ರೂ ನಡೀತದ ಅನ್ನೋ ಕೆಲಸ. ಹಳಿ ಬಾಕಿ ವಸೂಲಿಗೆ ಊರೂರು ತಿರಗೋದು, ಸ್ಟಾಕ್ ಎಣಿಸೋದು, ಸಾಲಿ ಗ್ಯಾದರಿಂಗ್, ಪೇರೆಂಟ್ಸ್ ಮೀಟಿಂಗ್. ಇವು ಮೊದಲ್ನೇ ದಿನಾನೇ ಬಂದ್.

3. ಪಗಾರದ ಮಾತು, ಇದೇ ಎಲ್ಲಕ್ಕಿಂತ ದೊಡ್ಡದು

ಮಾಸ್ಕು, ಸ್ಯಾನಿಟೈಜರ್ ಎಲ್ಲಾ ಆಮ್ಯಾಲ. ಹಮಾಲನಿಗೆ ಚೀಲದ ಲೆಕ್ಕದ ಮ್ಯಾಲ ಕೂಲಿ, ಬರಲಿಲ್ಲ ಅಂದ್ರ ಅವತ್ತಿನ ರೊಕ್ಕ ಇಲ್ಲ. ಅವನಿಗೆ "ಜ್ವರ ಬಂದ್ರ ಮನ್ಯಾಗ ಇರು" ಅಂತ ಬೋರ್ಡ್ ಹಚ್ಚಿದ್ರ ಅವ್ನು ಏನ್ ಮಾಡ್ತಾನ? ಎರಡು ಗುಳಿಗಿ ನುಂಗಿ ಜ್ವರ ಇಳಿಸ್ಕೊಂಡು ಬರ್ತಾನ. ಗೇಟ್‌ನಾಗ ಥರ್ಮಾಮೀಟರ್ ಹಿಡದ್ರ ನಾರ್ಮಲ್ ತೋರಸ್ತದ, ಅವ್ನು ಒಳಗ ಹೋಗಿ ಹತ್ತು ಮಂದಿಗಿ ಹಚ್ತಾನ. ತಪ್ಪು ಅವಂದಲ್ಲ.

ಹಂಗಾಗಿ ಜ್ವರ ಬಂದವ್ರಿಗಿ ಕನಿಷ್ಠ 5–7 ದಿನ ಕೂಲಿ ಕೊಟ್ಟು ಮನ್ಯಾಗ ಕೂಡಸೋದು, ಪೂರಾ ಆಗ್ಲಿಲ್ಲ ಅಂದ್ರ ಅರ್ಧ, ಇಲ್ಲಾಂದ್ರ ಮನಿಗಿ ಜೋಳ, ಬ್ಯಾಳಿ, ಎಣ್ಣಿ ಕಳ್ಸೋದು, ಏನೋ ಒಂದ್ ಈಗ್ಲೇ ತೀರ್ಮಾನ ಮಾಡಿ ಎಲ್ಲಾರ ಮುಂದ ಹೇಳ್ರಿ. ಖರ್ಚು ಭಾಳ ಆಗ್ತದ ಅಂತ ಅನಸ್ತದ, ಆದ್ರ ಒಬ್ಬನ ಒಂದ್ ವಾರದ ಕೂಲಿ ಮತ್ತ ಇಡೀ ಗ್ಯಾಂಗ್ ಮಲಗಿ ಜನವರಿ–ಫೆಬ್ರವರಿಯಾಗ ತೊಗರಿ ಆವಕ ಜೋರಿದ್ದಾಗ ಮಿಲ್ ನಿಲ್ಲೋದು, ಎರಡೂ ಹಾಳಿ ಮ್ಯಾಲ ಬರದು ನೋಡ್ರಿ. ನಮ್ಮ ದೇಶದಾಗ ಮಾಮೂಲಿ ಫ್ಲೂ ಜೋರಾಗೋ ಒಂದು ಹೊತ್ತು ಜನವರಿಯಿಂದ ಮಾರ್ಚ್, ಇನ್ನೊಂದು ಮಳಿಗಾಲ ಮುಗಿಯೋ ಹೊತ್ತು. ಮೊದಲ್ನೇದು ಸರಿಯಾಗಿ ನಮ್ಮ ತೊಗರಿ ಸೀಸನ್‌ಗೇ ಬಂದು ಕೂಡ್ತದ. ಹೊಸ ತಳಿ ಕಾಲ ನೋಡಿ ಬರಲ್ಲ, 2009ರಾಗ ಬ್ಯಾಸಗಿಯಾಗೇ ಬಂತು, ಅದು ಬ್ಯಾರೆ ಮಾತು.

ಇಎಸ್‌ಐ (ಕಾರ್ಮಿಕರ ಸರಕಾರಿ ವಿಮೆ) ಇದ್ದ ಕಡಿ ಇನ್ನೊಂದ್ ಮಾತು. ಅನಾರೋಗ್ಯ ಭತ್ಯೆ ಅಂತ ಕೂಲಿಯ 70% ತನಕ ಸಿಗ್ತದ, ವರ್ಷಕ್ಕ 91 ದಿನದ ಒಳಗ, ಆದ್ರ ಸಾಮಾನ್ಯವಾಗಿ ಮೊದಲ್ನೇ ಎರಡು ದಿನಕ್ಕ ಸಿಗಲ್ಲ. ಫ್ಲೂದೊಳಗ ಭಾಳ ಹಚ್ಚೋ ದಿನಗಳೇ ಆ ಎರಡು ದಿನ! ಆ ಎರಡು ದಿನದ್ದು ಮಾಲಕರು ತುಂಬಿ ಕೊಟ್ರ ಉಳಿದದ್ದು ಇಎಸ್‌ಐ ನೋಡ್ಕೋತದ. ಕಂಟ್ರಾಕ್ಟರ್ ಕಡಿಯ ಮಂದಿಯ ಹೆಸರು ಇಎಸ್‌ಐಯೊಳಗ ಖರೇ ಏರ್ಯಾವೋ ಇಲ್ಲೋ ಈಗ್ಲೇ ಚೆಕ್ ಮಾಡ್ರಿ, ಜ್ವರ ಬಂದ ಮ್ಯಾಲ ಕಾರ್ಡ್ ಹುಡುಕೋದು ಬ್ಯಾಡ. ಡಾಕ್ಟರ್ ಸರ್ಟಿಫಿಕೇಟ್ ತಂದ್ರೇ ರಜಾ ಅನ್ನೋ ನಿಮ್ಮದೇ ರೂಲ್ ಇದ್ರ ಸಣ್ಣ ಜ್ವರಕ್ಕ ಅದನ್ನ ತಗೀರಿ, ಇಲ್ಲಾಂದ್ರ ಬರೇ ಒಂದ್ ಚೀಟಿ ಸಲುವಾಗಿ ಮಂದಿ ದವಾಖಾನಿ ಕ್ಯೂನಾಗ ನಿಂದರ್ತಾರ.

ವಾಪಸ್ ಯಾವಾಗ ಬರ್ಬೇಕು? ಗುಳಿಗಿ ಇಲ್ದೇ 24 ತಾಸು ಜ್ವರ ಇರಬಾರ್ದು, ಅದು ಕಮ್ಮಿಯಲ್ಲಿ ಕಮ್ಮಿ. ಮಹಾಮಾರಿ ಇದ್ದಾಗ ಸರಕಾರ ಇಷ್ಟು ದಿನ ಅಂತ ಹೇಳ್ತದ, ಅದನ್ನ ಹಿಡೀರಿ.

4. ಹಾಳಿ ಮ್ಯಾಲ ನಾಲ್ಕ್ ಗೆರಿ

ಗೋಡಿಗಿ ಹಚ್ಚೋ ಹಾಳಿ ಇದು. ಒಂದ್ನೇ ಗೆರಿ, ಹೊಸ ಫ್ಲೂ ಮನಷ್ಯಾರಿಂದ ಮನಷ್ಯಾರಿಗೆ ಹಬ್ಬಾಕತ್ಯದ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ದಿನ: ಫೋನ್ ನಂಬರ್ ಪಟ್ಟಿ ಹೊಸದು ಮಾಡೋದು, ಸಾಮಾನು ಎಣಿಸೋದು. ಎರಡ್ನೇ ಗೆರಿ, ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರಾಗ ಕೇಸ್: ಆ ಶಹರಗಳಿಂದ ಬಂದವ್ರು ಒಂದ್ ಫೋನ್ ಮಾಡಿ ಹೇಳಿ ಆಮ್ಯಾಲ ಕೆಲಸಕ್ಕ ಬರೋದು, ಶಿಫ್ಟ್ ನಡುವ ಅರ್ಧ ತಾಸು ಖಾಲಿ ಬಿಡೋದು. ಮೂರ್ನೇ ಗೆರಿ, ನಮ್ಮ ಜಿಲ್ಲಾದಾಗ ಕೇಸ್: ಬಂದ್ ಮಾಡೋ ಕೆಲಸದ ಪಟ್ಟಿ ಜಾರಿ, ಮಾಸ್ಕ್, ಕ್ಯಾಂಟೀನ್ ಬಂದ್, ಬುತ್ತಿ ಮನಿಯಿಂದ. ನಾಲ್ಕ್ನೇ ಗೆರಿ, ನಮ್ಮೊಳಗೇ ಕೇಸ್: ಅವ್ರ ಜೋಡಿ ಕೆಲಸ ಮಾಡ್ದವ್ರು ಮನಿಗಿ, ಉಳಿದವ್ರು ಎರಡು ತಂಡ, ಒಂದ್ ತಂಡದ ಮಾರಿ ಇನ್ನೊಂದ್ ತಂಡ ನೋಡಬಾರ್ದು.

ಪ್ರತಿ ಗೆರಿ ಮುಂದ "ಅದೇ ದಿನ" ಅಂತ ಬರೀರಿ.

5. ಗಾಳಿ, ನೀರು, ಸಾಮಾನು

ಬ್ಯಾಸಗಿಯಾಗ ಇಲ್ಲಿ 42–43 ಡಿಗ್ರಿ, ಮಂದಿ ಆಫೀಸ್‌ನಾಗ ಎಸಿ ಹಚ್ಚಿ ಬಾಗಲಾ ಹಾಕ್ಕೋತಾರ, ಅದೇ ಗಾಳಿ ಒಳಗೇ ತಿರಗ್ತದ. ನಮ್ಮ ದೊಡ್ಡ ಕೂಲರ್‌ ಇದಕ್ಕ ಚಲೋ, ಖಿಡಕಿ ಹೊರಗಿಟ್ಟು ಎದುರಿಂದ ಬಾಗಲಾ ತೆರದಿಟ್ರ ಹೊರಗಿನ ಗಾಳಿ ಒಳಗ ಬಂದು ಹಳಿ ಗಾಳಿ ಹೊರಗ ಹೋಗ್ತದ. ಬೀದರ್ ಕಡಿ ಡಿಸೆಂಬರ್–ಜನವರಿ ಥಂಡಿಗಿ ಎಲ್ಲಾ ಮುಚ್ಕೊಂಡು ಕೂಡ್ತಾರ, ಸಾಲಿಯೊಳಗ ಅಂತೂ ಭಾಳ. ಮ್ಯಾಲಿನ ಖಿಡಕಿ ಆದ್ರೂ ತೆರದಿಡ್ರಿ, ಮಕ್ಕಳಿಗಿ ಸ್ವೆಟರ್ ಹಾಕ್ಕೊಂಡು ಬರ್ರಿ ಅನ್ರಿ, ಪ್ರಾರ್ಥನಾ ಬಿಸಲಾಗ ಮಾಡಸ್ರಿ.

ಕೈ ತೊಳೀರಿ ಅಂತ ಎಲ್ಲಾರೂ ಹೇಳ್ತಾರ, ನಳ ದಿನಾ ಬರಲ್ಲ ಅನ್ನೋದು ಯಾರೂ ಹೇಳಲ್ಲ. ಗೇಟ್ ಹತ್ರ ನಳ ಹಚ್ಚಿದ ಒಂದ್ ಡ್ರಮ್, ಕೆಳಗ ಬಕೆಟ್, ಹಗ್ಗಕ್ಕ ಕಟ್ಟಿದ ಸಾಬಾನು, ಅಷ್ಟು ಸಾಕು, ದಿನಾ ತುಂಬಸೋರ ಹೆಸರು ಮಾತ್ರ ಪಕ್ಕಾ ಇರ್ಬೇಕು. ಬಚ್ಚಲಾ, ಬಾಗಲಾ ಹಿಡಕಿ ಒರಸೋಕ ಬ್ಲೀಚಿಂಗ್ ಪೌಡರ್ ನಡೀತದ, ಆದ್ರ ಬಚ್ಚಲಾ ತೊಳ್ಯೋ ಆಸಿಡ್ ಜೋಡಿ ಅದನ್ನ ಕೂಡಸಬ್ಯಾಡ್ರಿ, ಕ್ಲೋರಿನ್ ಗ್ಯಾಸ್ ಎದ್ದು ಉಸುರು ಕಟ್ತದ. ರಸ್ತೆ ಮ್ಯಾಲ, ಮಂದಿ ಮೈಮ್ಯಾಲ ಔಷಧ ಹೊಡ್ಯೋದು ಸುಮ್ನೆ ಫೋಟೋಕ್ಕಷ್ಟೇ.

ಮಾಸ್ಕ್ ಲೆಕ್ಕ: ಹತ್ತು ಮಂದಿ, ದಿನಕ್ಕ ಎರಡೆರಡು, 50 ದಿನ ಅಂದ್ರ 1000. ಒಮ್ಮೆಲೇ ತರಬ್ಯಾಡ್ರಿ, ಎರಡು ವಾರದ್ದು ಕೈಯಾಗಿರ್ಲಿ, ಉಳಿದದ್ದು ಯಾರ ಹತ್ರ ಸಿಗ್ತದ ಅಂತ ನಂಬರ್ ಇರ್ಲಿ. ಧೂಳಿಗಿ ಕಟ್ಕೊಳ್ಳೋ ಟಾವೆಲ್ ಏನೂ ಇಲ್ದಾಗ ಪರವಾಗಿಲ್ಲ, ಆದ್ರ ಅದೇ ಟಾವೆಲ್‌ಲೇ ಬೆವರು, ಮೂಗು, ಕೈ ಎಲ್ಲಾ ಒರಸ್ಕೊಂಡ್ರ ಉಪಯೋಗ ಇಲ್ಲ. ಜ್ವರದವ್ರನ್ನ ಹತ್ರಿದ್ದು ನೋಡ್ಕೊಳ್ಳೋರಿಗಿ ಎನ್‌95 ಇರ್ಲಿ.

6. ಓಣಿ, ಊರು, ತಾಂಡಾ

ಮಿಲ್ ಬಂದ್ ಮಾಡ್ಬಹುದು, ಊರು ಬಂದ್ ಮಾಡೋಕ ಬರಲ್ಲ. 2020ರಾಗ ಎಷ್ಟೋ ಊರಾಗ ದಾರಿಗಿ ಮುಳ್ಳು ಬಡದ್ರು ನೆನಪದಲ್ಲ, ಅದರಿಂದ ವೈರಸ್ ನಿಂತಿದ್ದು ಎಷ್ಟೋ ಏನೋ, 108 ಅಂತೂ ಒಳಗ ಬರೋಕ ಆಗಲ್ಲ. ಆ ಬ್ಯಾಸಗಿ ಮಹಾರಾಷ್ಟ್ರದಿಂದ ಯಾದಗಿರಿ, ಕಲಬುರಗಿಗಿ ವಾಪಸ್ ಬಂದ ನಮ್ಮದೇ ಮಂದಿ ಸಾಲಿಗಳಾಗ ದಿನ ಕಳದ್ರು. ಮುಂದಿನ ಸಲ ಬರೋದು ಗೊತ್ತಿದ್ರ ಈಗ್ಲೇ ಪಂಚಾಯ್ತಿಯವ್ರು ಯಾವ ಸಾಲಿ, ಅಲ್ಲಿ ಬಚ್ಚಲಾ ಅದನೋ ಇಲ್ಲೋ, ಹೆಣ್ಮಕ್ಕಳಿಗಿ ಬ್ಯಾರೆ ಖೋಲಿ, ರೊಟ್ಟಿ ಯಾರು ಬಡ್ಯೋದು, ಇಷ್ಟು ಬರದಿಟ್ಕೋರಿ. ಎಷ್ಟು ದಿನ ಇಡ್ಬೇಕು ಅನ್ನೋದು ಆಗಿನ ವೈರಸ್ ನೋಡಿ ಆರೋಗ್ಯ ಇಲಾಖೆ ಹೇಳ್ತದ, ಕೊರೋನಾದ 14 ದಿನ ಇದಕ್ಕ ತಾನೇ ಹತ್ತಲ್ಲ.

ಊರಿಗಿ ಬೇಕಾದ ಮುಖ್ಯ ಪಟ್ಟಿ ಯಾವ್ದಂದ್ರ, ಫ್ಲೂ ಯಾರಿಗಿ ಜೀವಕ್ಕ ಬರ್ತದೋ ಅವ್ರದು: ಬಸುರಿ ಹೆಣ್ಮಕ್ಕಳು, 5 ವರ್ಷದೊಳಗಿನ ಮಕ್ಕಳು, ಅದರಾಗೂ 2 ವರ್ಷದೊಳಗಿನವು, 65 ದಾಟಿದವ್ರು, ಶುಗರ್, ದಮ್ಮು, ಹಾರ್ಟ್, ಕಿಡ್ನಿ ತೊಂದ್ರಿ ಇದ್ದವ್ರು. ಆಶಾ ಅಕ್ಕಗೋಳ ಹತ್ರ ಬಸುರಿಯರು, ಕೂಸುಗಳ ಲೆಕ್ಕ ಇದ್ದೇ ಇರ್ತದ, ಉಳಿದವ್ರನ್ನ ಸೇರಸ್ಕೋಬೇಕು. ಹರೇದವ್ರಿಗಿ ಏನಾಗಲ್ಲ ಅಂತ ಮಾತ್ರ ಅನ್ಕೋಬ್ಯಾಡ್ರಿ. 1918ರ ಫ್ಲೂದೊಳಗ 20–40 ವಯಸ್ಸಿನ ಗಟ್ಟಿ ಆಳುಗಳೇ ಭಾಳ ಸತ್ತಿದ್ದು, ಭಾರತದಾಗೇ ಒಂದು ಕೋಟಿಗಿಂತ ಹೆಚ್ಚು ಮಂದಿ ಅಂತ ಅಂದಾಜು ಮಾಡ್ಯಾರ. ಅದು ಮುಂಬೈ ಬಂದರಕ್ಕ ಬಂದು ರೈಲ್ವೆ ಲೈನ್ ಹಿಡ್ಕೊಂಡು ಒಳಗ ಹೊಕ್ಕಿತ್ತು, ಮುಂಬೈ–ಮದ್ರಾಸ್ ಲೈನು ನಮ್ಮ ವಾಡಿ ಮ್ಯಾಲೇ ಹಾಯ್ದು ಹೋಗ್ತದ.

ಆ ಪಟ್ಟಿಯವ್ರ ಪ್ರತಿ ಮನಿಗಿ ಒಂದು ಜೋಡಿ ಮನಿ ಗೊತ್ತು ಮಾಡ್ರಿ. ಮಗ ಬೆಂಗಳೂರಾಗ, ಇಲ್ಲಿ ಮುದುಕ ಮುದುಕಿ ಇಬ್ರೇ, ಇಂಥ ಮನಿ ನಮ್ಮ ಕಡಿ ಭಾಳ ಅವ. ಜೋಡಿ ಮನಿಯವ್ರ ಕೆಲಸ ಇಷ್ಟೇ, ದಿನಾ ಬೆಳಿಗ್ಗೆ ಬಾಗಲಾ ಹೊರಗ ನಿಂತು "ಕಾಕಾ, ಹೆಂಗಿದ್ದೀರಿ, ಉಂಡ್ರೇನು" ಅಂತ ಕೇಳೋದು, ಗುಳಿಗಿ, ಕಿರಾಣಿ ತಂದು ಕಟ್ಟಿ ಮ್ಯಾಲ ಇಡೋದು. ಬಿಪಿ, ಶುಗರ್ ಗುಳಿಗಿ ಒಂದ್ ತಿಂಗಳದ್ದು ಮುಂಚೇನೇ ಮನ್ಯಾಗ ಇರ್ಲಿ.

ಸುದ್ದಿ ಮುಟ್ಟಸೋದು ಇನ್ನೊಂದ್ ದೊಡ್ಡ ಕೆಲಸ. ಕನ್ನಡದಾಗ ಒಂದು ಪಾಂಪ್ಲೆಟ್ ಹೊಡದ್ರ ಮುಗೀತು ಅಂತಿಲ್ಲ ಇಲ್ಲಿ. ಶಹರದಾಗ ಉರ್ದು ಬೇಕು, ಸೇಡಂ, ಗುರುಮಠಕಲ್ ಕಡಿ ತೆಲುಗು, ಆಳಂದ, ಬಸವಕಲ್ಯಾಣ, ಭಾಲ್ಕಿ ಕಡಿ ಮರಾಠಿ, ತಾಂಡಾಗಳಾಗ ಲಂಬಾಣಿ. ಓದೋಕ ಬರದವ್ರು ಭಾಳ ಮಂದಿ ಅದಾರ, ಹಂಗಾಗಿ ಗುಡಿ ಮೈಕು, ಮಸೀದಿ ಮೈಕು, ಡಂಗುರ, ವಾಟ್ಸಾಪ್‌ನಾಗ ಒಂದು ನಿಮಿಷದ ಆಡಿಯೋ. ಯಾರ ಧ್ವನಿ ಅನ್ನೋದೂ ಮುಖ್ಯ, ಊರು ನಂಬೋರ ಧ್ವನಿ ಇರ್ಬೇಕು, ನರ್ಸಮ್ಮ, ಮಾಸ್ತರು, ಮೌಲಾನಾ, ಮಠದ ಅಪ್ಪೋರು. ಈಗ್ಲೇ ಅವ್ರನ್ನ ಕೇಳಿ ಒಪ್ಪಸ್ಕೊಂಡಿರ್ರಿ.

ಜಾತ್ರಿ, ಉರುಸು ಕಮಿಟಿಯವ್ರಿಗಿ ಒಂದ್ ಮಾತು. ಶರಣಬಸವೇಶ್ವರ ಜಾತ್ರಿ ಇರ್ಲಿ, ಬಂದೇನವಾಜ್ ಉರುಸ್ ಇರ್ಲಿ, ಗಾಣಗಾಪುರದ ಹುಣ್ಣಿಮಿ ಇರ್ಲಿ, ಹೊರರಾಜ್ಯದ ಮಂದಿ ಬರ್ತಾರ. ತೇರು ಎಳ್ಯೋ ಹಿಂದಿನ ದಿನ ಬಂದ್ ಮಾಡ್ರಿ ಅಂದ್ರ ಗದ್ದಲ ಆಗೋದೇ. ಪೂಜಾ ನಾಲ್ಕು ಮಂದಿ ಮಾಡ್ತಾರ, ಉಳಿದವ್ರು ಮನ್ಯಾಗಿಂದ ಕೈ ಮುಗೀತಾರ, ಅಂಗಡಿ ಹಾಕೋರು ಕೊಟ್ಟ ಅಡ್ವಾನ್ಸ್ ವಾಪಸ್ ಹೆಂಗ, ಇವೆಲ್ಲಾ ಸುಮ್ನಿದ್ದ ವರ್ಷದಾಗೇ ಮಾತಾಡಿ ಮುಗಸ್ಕೋಬೇಕು.

ಕೋಳಿ ಸಾಕೋರಿಗಿ: ಒಮ್ಮೆಲೇ ಕೋಳಿ ಸತ್ರ, ಕಾಗಿ ಬಿದ್ರ ಬರೀ ಕೈಲೇ ಮುಟ್ಟಬ್ಯಾಡ್ರಿ, ಪಶು ದವಾಖಾನಿಗಿ ತಿಳಸ್ರಿ. ಛಂದ ಬೇಯಿಸಿದ ಕೋಳಿ, ತತ್ತಿಯಿಂದ ಏನೂ ಆಗಲ್ಲ.

7. ಮನ್ಯಾಗ ಜ್ವರ ಬಂದ್ರ

ಹೆಚ್ಚಿನ ಮಂದಿ ಮನ್ಯಾಗೇ ಆರಾಮ ಆಗ್ತಾರ. ಸಾಧ್ಯ ಆದ್ರ ಒಂದು ಖೋಲಿ, ಇಲ್ಲಾಂದ್ರ ಒಂದು ಮೂಲಿ, ಖಿಡಕಿ ಹತ್ರ, ನೋಡ್ಕೊಳ್ಳೋರು ಒಬ್ರೇ, ಬಸುರಿ ಹೆಣ್ಮಗಳು ಅವ್ರಾಗಬಾರ್ದು. ಗಂಜಿ, ಮಜ್ಜಿಗಿ, ಸಾರು, ಏನಾದ್ರೂ ಕುಡೀತಾ ಇರ್ಬೇಕು. ವಾಂತಿ ಆಗ್ತಿದ್ರ 1 ಲೀಟರ್ ಕಾಸಿ ಆರಿಸಿದ ನೀರಿಗಿ 6 ಚಹಾ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು. ಜ್ವರಕ್ಕ ಪ್ಯಾರಾಸಿಟಮಾಲ್. ಮಕ್ಕಳಿಗಿ ಆಸ್ಪಿರಿನ್ ಕೊಡಬ್ಯಾಡ್ರಿ, ಲಿವರ್‌ಗೂ ಮೆದುಳಿಗೂ ಪೆಟ್ಟು ಬೀಳೋ ಸಾಧ್ಯತೆ ಇರ್ತದ. ಮತ್ತ ನಮ್ಮ ಕಡಿ ಒಂದ್ ಚಟ ಅದ, "ಡಾಕ್ಟರ್ ಸಾಬ್, ಒಂದ್ ಸೂಜಿ ಮಾಡ್ರಿ" ಅಂತ, ಸೂಜಿ ಮಾಡ್ದೇ ಇದ್ರ ಡಾಕ್ಟರ್‌ಗೆ ಏನೂ ಬರಲ್ಲ ಅಂತಾರ. ಆಂಟಿಬಯೋಟಿಕ್ ವೈರಸ್‌ಗೆ ಏನೂ ಮಾಡಲ್ಲ. ಫ್ಲೂಗೆ ಒಸೆಲ್ಟಾಮಿವಿರ್ ಅಂತ ಗುಳಿಗಿ ಅದ, ಜ್ವರ ಸುರುವಾಗಿ 48 ತಾಸಿನೊಳಗ ತಗೊಂಡ್ರ ಹೆಚ್ಚು ಗುಣ, ಡಾಕ್ಟರ್ ಬರದು ಕೊಟ್ರಷ್ಟೇ. ಮ್ಯಾಲಿನ ಪಟ್ಟಿಯವ್ರಿಗಿ ಜ್ವರ ಬಂದ್ರ "ನಾಳೆ ನೋಡೂಣು" ಅನ್ನದೇ ಅವತ್ತೇ ಡಾಕ್ಟರ್‌ಗೆ ತೋರಸ್ರಿ ಅನ್ನೋದು ಇದಕ್ಕೇ.

ಯಾವಾಗ ಓಡ್ಬೇಕು: ದಮ್ಮು ಹತ್ತಿದ್ರ, ಎದಿ ನೋವು, ತುಟಿ ನೀಲಿ, ಮಾತು ಅಡ್ಡಾದಿಡ್ಡಿ, ಜ್ವರ ಇಳದು ಮತ್ತ ಜೋರಾಗಿ ಬಂದ್ರ, ಕೂಸು ಹಾಲು ಕುಡೀಲಿಲ್ಲ ಅಂದ್ರ. ಕೂಸಿನ ಉಸುರು ಒಂದು ನಿಮಿಷ ಗಡಿಯಾರ ನೋಡಿ ಎಣಿಸ್ರಿ, 2 ತಿಂಗಳೊಳಗ 60, 2 ತಿಂಗಳಿಂದ 1 ವರ್ಷ 50, 1ರಿಂದ 5 ವರ್ಷ 40, ಇದು ಮುಟ್ಟಿದ್ರ ಅಥವಾ ದಾಟಿದ್ರ ದವಾಖಾನಿ. 108 ಗಾಡಿಗೆ, 104 ಸಲಹೆಗೆ. ದೊಡ್ಡ ಸರಕಾರಿ ದವಾಖಾನಿ ಅಂದ್ರ ಕಲಬುರಗಿಯಾಗ ಜಿಮ್ಸ್, ಬೀದರ್‌ನಾಗ ಬ್ರಿಮ್ಸ್, ಯಾದಗಿರಿಯಾಗ ಯಿಮ್ಸ್. ರಾತ್ರಿ 108 ತಡ ಆದ್ರ ಯಾರ ಗಾಡಿ ಬರ್ತದ ಅಂತ ಊರಿನ ಎರಡು ಜೀಪ್, ಟಂಟಂನವ್ರ ನಂಬರ್ ಗೋಡಿ ಹಾಳಿ ಮ್ಯಾಲೇ ಬರೀರಿ.

8. ಒಂದ್ ಶನಿವಾರ ಆಡಿ ನೋಡ್ರಿ

ಚೀಟಿ ಎತ್ತಿ ಹತ್ತು ಮಂದ್ಯಾಗ ನಾಲ್ಕು ಮಂದಿನ್ನ ಮನಿಗಿ ಕಳಸ್ರಿ, ಪಗಾರ ಕೊಟ್ಟೇ, ಅವ್ರಿಗಿ ಫೋನೂ ಮಾಡ್ಬ್ಯಾಡ್ರಿ. ಉಳಿದವ್ರು ಸಂಜಿ ತನಕ ನಡಸ್ಲಿ. ಹತ್ತು ಗಂಟೆ ಒಳಗೇ ಗೊತ್ತಾಗ್ತದ, ಗೋಡೌನ್ ಕೀಲಿ ಯಾರ ಕಿಸೆದಾಗ ಹೋಗ್ಯದ ಅಂತ. ಸಾಲಿ ಆದ್ರ ಮಕ್ಕಳಿಗಿ ಮನ್ಯಾಗ ಫೋನ್ ಐತೋ ಇಲ್ಲೋ, ಬಿಸಿಯೂಟದ ರೇಷನ್ ಮನಿಗಿ ಹೆಂಗ ಮುಟ್ಟಸೋದು, ಇದನ್ನೂ ಅವತ್ತೇ ಎಣಿಸ್ರಿ. ಫ್ಲೂದೊಳಗ ಮಕ್ಕಳೇ ಭಾಳ ಹಬ್ಬಸ್ತಾರ, ಹಂಗಾಗಿ ಸಾಲಿ ಮೊದ್ಲು ಮುಚ್ಚೋ ಸಾಧ್ಯತೆ ಹೆಚ್ಚು, ಸಾಲಿ ಮುಚ್ಚಿದ್ರ ತಾಯಂದ್ರು ಕೆಲಸಕ್ಕ ಬರಲ್ಲ, ಆ ಲೆಕ್ಕ ಮಿಲ್‌ನವ್ರೂ ಹಿಡೀಬೇಕು.

9. ಇಳದ ಮ್ಯಾಲ

ಮೊದಲ್ನೇ ಅಲೆ ಇಳೀತು ಅಂತ ಡ್ರಮ್ಮು, ಹಾಳಿ ತಗದು ಹಾಕಬ್ಯಾಡ್ರಿ. 1918ರಾಗ ಜೂನ್‌ದಾಗ ಬಂದದ್ದು ಹಗುರ ಇತ್ತು, ಸೆಪ್ಟೆಂಬರ್‌ನಿಂದ ಬಂದ ಎರಡ್ನೇದೇ ಊರೂರು ಖಾಲಿ ಮಾಡಿದ್ದು. ನಡುವ ಸಿಗೋ ಎರಡು ಮೂರು ತಿಂಗಳಾಗ ಸಾಮಾನು ಮತ್ತ ತುಂಬಸ್ಕೋರಿ, ಪ್ಯಾರಾಸಿಟಮಾಲ್ ಡಬ್ಬಿ ಮ್ಯಾಲಿನ ತಾರೀಖು ನೋಡ್ರಿ, ಯಾವ ಹೆಸರು ಕೆಲಸಕ್ಕ ಬರಲಿಲ್ಲ ಅದನ್ನ ಹೊಡದು ಬ್ಯಾರೆ ಹೆಸರು ಬರೀರಿ, ಲಸಿಕೆ ಬಂದ ಕೂಡ್ಲೇ ಪಟ್ಟಿಯೊಳಗಿಂದ ಯಾರನ್ನ ಯಾವ ಗಾಡಿಯಾಗ ಪಿಎಚ್‌ಸಿಗಿ ಕರ್ಕೊಂಡು ಹೋಗೋದು ಅಂತ ಆಶಾ ಅಕ್ಕನ ಜೋಡಿ ಕೂತು ದಿನ ಹಾಕ್ಕೋರಿ.